ಧರ್ಮರಾಯನ ಜೊತೆ ಅಡಿಕೆ ಸುಲಿಯುವುದು

ಕಾಸರಗೋಡಿನ ನೀರ್ಚಾಲಿನ ಭಾವನ ಜಗಲಿಯಲ್ಲಿ ಅಡಿಕೆ ಸುಲಿಯಲಿಕ್ಕೆ ಕೂತರೆ ಕೈ ಅದರಷ್ಟಕ್ಕೆ ಓಡುತ್ತದೆ, ಬಾಯಿ ಬೇರೆ ಊರಿಗೆ ಹೋಗುತ್ತದೆ. ಮೊನ್ನೆ ಹೋದದ್ದು ಅಮೆರಿಕಕ್ಕೆ. ಕಾರಣ ಮಾಷ್ಟ್ರು. ಅವರ ಮಗಳು ಫಿಲಾಸಫಿಯಲ್ಲಿ ಎಂ.ಎ. ಮಾಡುತ್ತಿದ್ದಾಳೆ. ರಾತ್ರಿ ಅವಳು ಫೋನಿನಲ್ಲಿ ಹೇಳಿದ್ದನ್ನು ಇವರು ಮರುದಿನ ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ.

"ಸೂಸನ್ ವುಲ್ಫ್ ಅಂತ ಒಬ್ಬರು ಪ್ರೊಫೆಸರು. 1982ರಲ್ಲಿ ‘ನೈತಿಕ ಸಂತರು’ ಅಂತ ಒಂದು ಲೇಖನ ಬರೆದರು. ಮಾಡುವ ಕೆಲಸವೆಲ್ಲ ಒಳ್ಳೆಯದೇ ಆಗಿರುವಂಥ ಮನುಷ್ಯ ಲೋಕದಲ್ಲಿ ಇದ್ದಾನೋ ಇಲ್ಲವೋ ಗೊತ್ತಿಲ್ಲ, ಇದ್ದರೆ ನಾನೂ ನನಗೆ ಬೇಕಾದವರೂ ಆ ಸಾಲಿನಲ್ಲಿ ಇಲ್ಲ ಅಂತ ನನಗೆ ಸಂತೋಷ, ಅಂತ ಶುರುವಿಗೇ ಹೇಳಿಬಿಟ್ಟಿದ್ದಾರೆ."

"ನನ್ನ ಹೆಂಡತಿ ಕಡೆಯವರಲ್ಲಿ ಅಂಥವ ಒಬ್ಬನೂ ಇಲ್ಲ," ಅಂದರು ರೈಗಳು. "ಅದಕ್ಕೆ ಸಂತೋಷಪಡಬೇಕು ಅಂತ ಇಷ್ಟರವರೆಗೆ ಗೊತ್ತಿರಲಿಲ್ಲ."

"ಅಲ್ಲ, ಒಳ್ಳೆಯವನಾದರೆ ಎಂತ ತೊಂದರೆ?" ಭಾವ ಕೇಳಿದ.

"ಅವನಿಗೆ ಪುರುಸೊತ್ತು ಇಲ್ಲ ಭಟ್ರೇ. ಹಸಿದವನಿಗೆ ಅನ್ನ, ರೋಗಿಗೆ ಮದ್ದು ಅಂತ ಓಡುವವ ಕಾದಂಬರಿ ಓದುವುದು ಯಾವಾಗ? ಟೆನಿಸ್ಸಿನ ಬ್ಯಾಕ್‌ಹ್ಯಾಂಡ್ ಸರಿ ಮಾಡಿಕೊಳ್ಳುವುದು ಯಾವಾಗ? ಓಬೋ ಕಲಿಯುವುದು ಯಾವಾಗ?"

"ಓಬೋ ಎಂತದು?"

"ನಮ್ಮ ನಾಗಸ್ವರದ ದೂರದ ನೆಂಟ. ಊದುವುದು. ಆ ಸಂತನಿಗೆ ರುಚಿರುಚಿಯಾಗಿ ಅಡಿಗೆ ಮಾಡಿ ತಿನ್ನಲಿಕ್ಕೂ ಮನಸ್ಸು ಒಪ್ಪುವುದಿಲ್ಲ. ಆ ಹೊತ್ತು, ಆ ದುಡ್ಡು ಬಡವನಿಗೆ ಹೋಗಬಹುದಿತ್ತಲ್ಲ?"

ಭಾವ ಹಲಸಿನ ಹಪ್ಪಳದ ಡಬ್ಬ ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡ.

"ಇನ್ನೂ ಉಂಟು. ಕುಹಕ ಕೇಳಿ ನಗಲಿಕ್ಕೂ ಅವನಿಗೆ ಆಗುವುದಿಲ್ಲ. ಇನ್ನೊಬ್ಬನ ಕೊಂಕು ಕಂಡರೆ ತಾನೆ ಕುಹಕ? ಅವನಿಗೆ ಎಲ್ಲರಲ್ಲೂ ಒಳ್ಳೆಯದೇ ಕಾಣಬೇಕು."

ಇಲ್ಲಿಗೆ ನಮಗೆ ವಿಷಯದ ಗಂಭೀರತೆ ಅರ್ಥವಾಯಿತು. ಅಂಥವನನ್ನು ಈ ಜಗಲಿಯಲ್ಲಿ ಕೂರಿಸಿದರೆ ಏಳು ಗಂಟೆಗೆ ಎಲ್ಲರೂ ಎದ್ದು ಮನೆಗೆ.

ಮಾಷ್ಟ್ರು ಬಿಡಲಿಲ್ಲ. ಎದುರು ಪಕ್ಷವನ್ನೂ ತಂದರು. ಪೀಟರ್ ಸಿಂಗರ್ ಅಂತ ಇನ್ನೊಬ್ಬರು ಫಿಲಾಸಫಿಯವರು, 1972ರ ಲೇಖನ. ದಾರಿಯಲ್ಲಿ ಹೋಗುವಾಗ ಆಳವಿಲ್ಲದ ಕೆರೆಯಲ್ಲಿ ಒಂದು ಮಗು ಮುಳುಗುತ್ತಾ ಉಂಟು. ಬಟ್ಟೆ ಕೆಸರಾಗುತ್ತದೆ ಅಂತ ನೋಡುತ್ತಾ ನಿಲ್ಲುತ್ತೀರಾ?

"ಲುಂಗಿಗೆ ಕೆಸರು ತಾಗಿದರೆ ಎಂತ ಹೋಗ್ತದೆ? ಹಾರುವುದೇ," ಅಂದರು ರೈಗಳು.

"ಹಾಗಾದರೆ ದೂರದ ದೇಶದಲ್ಲಿ ಹಸಿವಿನಿಂದ ಸಾಯುವ ಮಗು? ದೂರ ಅಂದಮಾತ್ರಕ್ಕೆ ಹೊಣೆ ಕಡಿಮೆಯಾಗುವುದಿಲ್ಲ ಅಂತ ಸಿಂಗರ್ ಹೇಳುವುದು. ನೀವು ಮಗನಿಗೆ ಹೊಸ ಬೈಕು ನೋಡ್ತಾ ಇದ್ದೀರಲ್ಲ..."

ರೈಗಳು ಅಡಿಕೆಯ ರೇಟು ಎಷ್ಟಾಯಿತು ಅಂತ ಕೇಳಿದರು.

ನಿಜ ಹೇಳಬೇಕಾದರೆ ಸಿಂಗರ್‌ಗೆ ನನ್ನಲ್ಲಿಯೂ ಉತ್ತರವಿಲ್ಲ. ಬದಿಯಡ್ಕದಲ್ಲಿ ಮಸಾಲೆದೋಸೆಗೆ ಹೇಳುವಾಗ ಈಗ ಆ ಕೆರೆ ಒಮ್ಮೆ ನೆನಪಾಗುತ್ತದೆ. ದೋಸೆ ಬಂದ ಮೇಲೆ ಮರೆಯುತ್ತದೆ. ಮಗು ಮುಳುಗಲಿ ಅಂತ ವುಲ್ಫ್ ಕೂಡ ಹೇಳಿದ್ದಲ್ಲವಂತೆ. ಒಬ್ಬನ ಬಾಳು ಚೆನ್ನಾಗಿದೆಯಾ ಅಂತ ಅಳೆಯಲಿಕ್ಕೆ ನೀತಿಯ ಸೇರು ಒಂದೇ ಸಾಲದು, ಬೇರೆ ಸೇರುಗಳೂ ಬೇಕು ಅಂತ ಅಷ್ಟೇ.

ಇದನ್ನು ಸರಿಯಾಗಿ ಹಿಡಿದವರು ರೈಗಳೇ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಯಾವುದಾದರೂ ತಲೆಗೆ ಹೋಗಬೇಕಾದರೆ ಅದು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ದಾರಿಯಲ್ಲೇ ಬರಬೇಕು. "ನಲ್ವತ್ತು ವರ್ಷದಿಂದ ಅರ್ಥ ಹೇಳ್ತಾ ಇದ್ದೇನೆ. ನನಗೆ ಧರ್ಮರಾಯ ಕೊಡಿ ಅಂತ ಕೇಳಿದವನನ್ನು ನಾನು ಕಂಡಿಲ್ಲ. ಎಲ್ಲರಿಗೂ ಕೌರವ ಬೇಕು, ಕರ್ಣ ಬೇಕು, ಅದಿಲ್ಲದಿದ್ದರೆ ಶಕುನಿ. ಧರ್ಮರಾಯನಿಗೆ ಜೀವ ಬರುವುದು ಎರಡೇ ಕಡೆ. ಜೂಜಿಗೆ ಕೂತಾಗ ಒಂದು. ಅಶ್ವತ್ಥಾಮ ಸತ್ತ ಅಂತ ದೊಡ್ಡದಾಗಿ ಹೇಳಿ, ಆನೆ ಅಂತ ಮೆಲ್ಲಗೆ ಹೇಳಿದಾಗ ಇನ್ನೊಂದು. ಅವನ ರಥ ನಾಲ್ಕು ಬೆರಳು ಕೆಳಗೆ ಇಳಿಯಿತು ನೋಡಿ, ಅರ್ಥಧಾರಿಗೆ ಕಾಲು ಊರಲಿಕ್ಕೆ ಜಾಗ ಸಿಕ್ಕಿದ್ದು ಆಗಲೇ."

ಮಾಷ್ಟ್ರು ಅದನ್ನು ಮಗಳಿಗೆ ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡರು. ಆ ಹೊತ್ತಿಗೆ ಭಾವ ಒಂದು ಹಿಡಿ ಪಟೋರವನ್ನು, ಅಂದರೆ ಕೀಳು ದರ್ಜೆಯ ಅಡಿಕೆಯನ್ನು, ಒಳ್ಳೆ ಅಡಿಕೆಯ ರಾಶಿಗೆ ಮೆಲ್ಲ ಸೇರಿಸಿದ್ದು ನಾನು ಕಂಡೆ. ಮಾಷ್ಟ್ರೂ ಕಂಡರು. ಇಬ್ಬರೂ ಸಂತರಲ್ಲದ ಕಾರಣ ಸುಮ್ಮನಿದ್ದೆವು.

ಅಷ್ಟರಲ್ಲಿ ಸಂಕ ದಾಟಿ ಒಂದು ಕೊಡೆ ಬಂತು. ನಮ್ಮ ವಾರ್ಡಿನ ಪುಣ್ಯಾತ್ಮ. ಪಾಲಿಯೇಟಿವ್ ನರ್ಸಿನ ಜೊತೆ ಹಾಸಿಗೆ ಹಿಡಿದವರ ಮನೆಮನೆಗೆ ಹೋಗುವವ. ಮಲಯಾಳದಲ್ಲಿ ಬಂದ ನೋಟೀಸನ್ನು ಕನ್ನಡ ಮಾತ್ರ ಬರುವ ಅಜ್ಜಂದಿರಿಗೆ ಓದಿ ಹೇಳಿ, ಅರ್ಜಿಯನ್ನೂ ಬರೆದುಕೊಡುವವ. ಚಾ ಬೇಡ ಅಂದ. ಹಪ್ಪಳವೂ ಬೇಡ. ಒಂದು ಮಣೆ ಎಳೆದುಕೊಂಡು ಸುಲಿಯಲಿಕ್ಕೆ ಕೂತ. ಹತ್ತು ನಿಮಿಷ ಕತ್ತಿಯ ಸದ್ದು, ಮಳೆಯ ಸದ್ದು.

"ಎಂತ, ನಾನು ಬಂದು ಮಾತು ನಿಂತಿತಾ?"

"ಇಲ್ಲಪ್ಪ," ಅಂದರು ಮಾಷ್ಟ್ರು, "ನಿನ್ನಂಥವರ ವಿಷಯವೇ ಮಾತಾಡ್ತಾ ಇದ್ದದ್ದು."

ಅವ ನಕ್ಕ. ನಗುತ್ತಲೇ ಒಳ್ಳೆ ರಾಶಿಗೆ ಕೈ ಹಾಕಿ ಒಂದು ಪಟೋರ ಹೆಕ್ಕಿದ. ಮತ್ತೊಂದು. ಇನ್ನೂ ನಾಲ್ಕು. "ಭಟ್ರೇ, ಇದು ಅಪ್ಪಿತಪ್ಪಿ ಇಲ್ಲಿ ಸೇರಿದೆ."

ಭಾವ ಬಗ್ಗಿ ನೋಡಿದ. "ಹೌದಲ್ಲ ಮಾರಾಯ! ರೈಗಳೇ, ನಿಮಗೆ ಕಣ್ಣು ಕಾಣುವುದಿಲ್ಲವಾ?"