ಆವಲಹಳ್ಳಿ ಕಾಡಲ್ಲಿ ಮೊದಲ ಗ್ರೂಪ್ ರೈಡ್, ಹಿಂದೆ ಉಳಿದ್ರೆ ಹೆಂಗೆ?

ಯಲಹಂಕ_ಪೆಡಲ್:
ಎಲ್ಲರಿಗೂ ನಮಸ್ಕಾರ. ನಮ್ಮ ಲೇಔಟಿನ ಕೆಲವರು ಸೇರ್ಕೊಂಡು ಈ ಭಾನುವಾರ ಬೆಳಿಗ್ಗೆ ಯಲಹಂಕದ ಹತ್ರ ಇರೋ ಆವಲಹಳ್ಳಿ ಕಾಡಿಗೆ ಎಂಟಿಬಿ (ಮೌಂಟನ್ ಬೈಕ್, ಅಂದ್ರೆ ಕಾಡು ಗುಡ್ಡದಲ್ಲಿ ಓಡ್ಸೋ ಸೈಕಲ್) ರೈಡ್ ಹೊರಟಿದಾರೆ, ನನ್ನನ್ನೂ ಬಾಮ್ಮ ಅಂತ ಕರೆದಿದಾರೆ. ನಂದು 27.5 ಇಂಚಿನ ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರೋದು), ಇಲ್ಲೀವರೆಗೂ ರೋಡಲ್ಲೇ ಓಡ್ಸಿರೋದು. ದೊಡ್ಡಬಳ್ಳಾಪುರ ರೋಡಲ್ಲಿ ಎಷ್ಟು ದೂರ ಬೇಕಾದ್ರೂ ತುಳೀತೀನಿ ಆದ್ರೆ ಕಾಲುದಾರಿ, ಇಳಿಜಾರು, ಉದುರು ಮಣ್ಣು ಅಂದ್ರೆ ಭಯ ಆಗುತ್ತೆ. ಉಳಿದವರೆಲ್ಲ ಪಳಗಿದವರು, ನನ್ನಿಂದ ಅವರ ರೈಡ್ ಹಾಳಾಗಬಾರದು ಅನ್ನೋದೇ ಚಿಂತೆ. ಆಮೇಲೆ ಟೈರಿಗೆ ಗಾಳಿ ಎಷ್ಟಿರಬೇಕು, ಈಗ 50 ಪಿಎಸ್‌ಐ ಹಾಕಿದೀನಿ. ಬ್ಯಾಗಲ್ಲಿ ಏನೇನ್ ಇಟ್ಕೊಳ್ಲಿ?

ಕೆಂಪ್ಮಣ್ಣು:
ಮೇಡಂ ಧೈರ್ಯವಾಗಿ ಹೋಗಿ. ಹಿಂದೆ ಉಳಿಯೋದು ನಿಮ್ಮ ತಲೆನೋವಲ್ಲ, ರೈಡ್ ಕರ್ಕೊಂಡ್ ಹೋಗೋರದ್ದು. ಸರಿಯಾದ ಗ್ರೂಪಲ್ಲಿ ದಾರಿ ಗೊತ್ತಿರೋರು ಒಬ್ರು ಮುಂದೆ ಇರ್ತಾರೆ, ಇನ್ನೊಬ್ರು ಕೊನೇಲಿ ಬರ್ತಾರೆ, ಆ ಕೊನೆಯವರು ಯಾವತ್ತೂ ನಿಮ್ಮನ್ನ ದಾಟಿ ಹೋಗೋ ಹಾಗಿಲ್ಲ. ದಾರಿ ಎಲ್ಲೆಲ್ಲಿ ಕವಲೊಡೆಯುತ್ತೋ ಅಲ್ಲಲ್ಲಿ ಎಲ್ಲರೂ ನಿಲ್ಲಬೇಕು. ಇದರಲ್ಲಿ ತುಂಬಾ ಗ್ರೂಪ್‌ಗಳು ಎಡವೋ ಜಾಗ ಒಂದಿದೆ, ಮುಂದಿನವರು ಐದು ನಿಮಿಷ ನಿಂತು ನೀರು ಕುಡಿದು ಸುಧಾರಿಸ್ಕೊಂಡಿರ್ತಾರೆ, ಕೊನೆಯವರು ಏದುಸಿರು ಬಿಡ್ತಾ ಬಂದು ಕಾಲು ನೆಲಕ್ಕಿಟ್ಟ ತಕ್ಷಣ ಸರಿ ಹೊರಡೋಣ ಅಂತಾರೆ, ಹಿಂಗಾದ್ರೆ ಯಾರಿಗೆ ವಿಶ್ರಾಂತಿ ಬೇಕೋ ಅವರಿಗೇ ಸಿಗಲ್ಲ. ಕೊನೆಯವರು ಬಂದ ಮೇಲೂ ಎರಡು ನಿಮಿಷ ನಿಲ್ಲಬೇಕು ಅಂತ ಹೊರಡೋ ಮುಂಚೆನೇ ಹೇಳಿಬಿಡಿ, ಸಂಕೋಚ ಬೇಡ.
50 ಜಾಸ್ತಿ ಆಯ್ತು, ಕಲ್ಲಿನ ಮೇಲೆ ಚೆಂಡಿನ ಥರ ಪುಟಿಯುತ್ತೆ. ಮುಂದೆ 26, ಹಿಂದೆ 28 ಸಾಕು.

ಗುಡ್ಡೆ_ಸವಾರ:
ಮಂಗಳೂರು ಕಡೆಯಿಂದ ಬರೀತಾ ಇದ್ದೇನೆ. ಇಳಿಜಾರಿಗೆ ಹೆದರ್ಲಿಕ್ಕೆ ಏನೂ ಇಲ್ಲ ಮಾರಾಯ್ರೆ, ಕೂತುಕೊಂಡು ಇಳೀಬಾರದು ಅಷ್ಟೆ. ಮೊದಲು ಸೀಟು ಒಂದೆರಡು ಇಂಚು ತಗ್ಗಿಸಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ ಇಟ್ಟು ಎದ್ದು ನಿಲ್ಲಿ, ಮಂಡಿ ಮತ್ತೆ ಮೊಣಕೈ ಸ್ವಲ್ಪ ಬಗ್ಗಿರ್ಲಿ, ಸೊಂಟ ಹಿಂದೆ ಹೋಗ್ಲಿ. ಬ್ರೇಕಿಗೆ ಒಂದು ಬೆರಳು ಸಾಕು ಉಳಿದ ಬೆರಳುಗಳು ಹ್ಯಾಂಡಲ್ ಹಿಡಿಯಲಿಕ್ಕೆ ಬೇಕು. ಸ್ಪೀಡ್ ಎಲ್ಲ ತಿರುವಿನ ಮೊದಲೇ ಕಮ್ಮಿ ಮಾಡಿ, ತಿರುಗುವಾಗ ಉದುರು ಮಣ್ಣಲ್ಲಿ ಮುಂದಿನ ಬ್ರೇಕ್ ಒತ್ತಿದ್ರೆ ಚಕ್ರ ಜಾರಿ ನೇರ ನೆಲಕ್ಕೆ. ಕಣ್ಣು ಮುಂದಿನ ಚಕ್ರದ ಮೇಲೆ ಇಡ್ಬೇಡಿ, ಎಲ್ಲಿ ಹೋಗ್ಬೇಕೋ ಅಲ್ಲಿ ನೋಡಿ. ಕಷ್ಟ ಅನಿಸಿದ ಕಡೆ ಇಳಿದು ತಳ್ಕೊಂಡು ಹೋಗಿ.

ಚೈನ್_ಲಿಂಕ್:
ಗಾಳಿ ವಿಷಯದಲ್ಲಿ ಕೆಂಪ್ಮಣ್ಣು ಅವರ ಮಾತು ಪೂರ್ತಿ ಒಪ್ಪಲ್ಲ. ಟ್ಯೂಬ್ ಇರೋ ಟೈರಿಗೆ, ಹೊಸಬರಿಗೆ, 26 ಕಮ್ಮಿ. ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತೆ. 30ರಿಂದ ಶುರು ಮಾಡಿ, ತೂಕ ಜಾಸ್ತಿ ಇದ್ರೆ ಇನ್ನೂ ಎರಡು ಮೂರು ಸೇರ್ಸಿ, ಹೋಗ್ತಾ ಹೋಗ್ತಾ ಇಳಿಸ್ಕೊಳ್ಳಿ.
ಬ್ಯಾಗಲ್ಲಿ ನಿಮ್ಮದೇ ಸೈಜಿನ ಟ್ಯೂಬ್ ಇರ್ಲೇಬೇಕು. ಗ್ರೂಪಲ್ಲಿ ಯಾರಾದ್ರೂ ಕೊಡ್ತಾರೆ ಅಂದ್ಕೊಂಡ್ ಹೋದ್ರೆ ಅವರ ಹತ್ರ 29 ಇಂಚಿನ ಚಕ್ರದ್ದು ಇರುತ್ತೆ, ಇಲ್ಲಾ ಅವರದ್ದು ಸಣ್ಣ ವಾಲ್ವು ನಿಮ್ಮ ರಿಮ್ಮಿಗೆ ದಪ್ಪ ವಾಲ್ವಿನ ತೂತು, ಪಂಪೂ ಹೊಂದಲ್ಲ. ಟೈರ್ ಲಿವರ್ (ರಿಮ್ಮಿಂದ ಟೈರ್ ಬಿಡಿಸೋ ಪಟ್ಟಿ), ಪಂಪ್, ಅಲೆನ್ ಕೀ ಸೆಟ್, ಒಂದೂವರೆ ಲೀಟರ್ ನೀರು. ಟ್ಯೂಬ್ ಬದಲಾಯಿಸೋಕೆ ಮುಂಚೆ ಟೈರ್ ಒಳಗಡೆ ನಿಧಾನಕ್ಕೆ ಬೆರಳಾಡಿಸಿ ಮುಳ್ಳು ತೆಗೀರಿ, ಜಾಲಿ ಮುಳ್ಳು ಹೊರಗಡೆಯಿಂದ ಕಾಣೋದೇ ಇಲ್ಲ, ಹೊಸ ಟ್ಯೂಬೂ ಅಲ್ಲೇ ಹೋಗುತ್ತೆ. ಗೇರ್ ಹ್ಯಾಂಗರ್ ಒಂದು ಸ್ಪೇರ್ ಇದ್ರೆ ಒಳ್ಳೇದು.

ತುರಹಳ್ಳಿ_ಬಂಡೆ:
ಎಲ್ಲಾ ಸರಿ, ಆದ್ರೆ ಕಾಡಿನ ಬಗ್ಗೆ ಯಾರೂ ಹೇಳ್ಲಿಲ್ಲ. ಜೋರು ಮಳೆ ಬಂದ ಮಾರನೇ ದಿನ ದಯವಿಟ್ಟು ಹೋಗ್ಬೇಡಿ. ಒದ್ದೆ ಕೆಂಪು ಮಣ್ಣಲ್ಲಿ ಹತ್ತು ಸೈಕಲ್ ಸಾಲಾಗಿ ಹೋದ್ರೆ ಗೀರು ಬೀಳುತ್ತೆ, ಮುಂದಿನ ಮಳೆ ನೀರು ಅದರಲ್ಲೇ ಹರಿದು ಕಾಲುವೆ ಆಗುತ್ತೆ, ಆಮೇಲೆ ಬರೋರು ಅದನ್ನ ತಪ್ಸೋಕೆ ಪಕ್ಕದ ಗಿಡ ತುಳಿದು ಇನ್ನೊಂದು ದಾರಿ ಮಾಡ್ತಾರೆ, ಹಿಂಗೇ ಒಂದಡಿ ದಾರಿ ಹತ್ತಡಿ ಆಗಿರೋದನ್ನ ಎಷ್ಟೋ ಕಡೆ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಹಿಂದಿನ ಬ್ರೇಕ್ ಹಿಡಿದು ಸ್ಕಿಡ್ ಹೊಡೆಯೋದೂ ಅದೇ ಕೆಲಸ ಮಾಡೋದು.
2021ರಲ್ಲಿ ಬೆಂಗಳೂರಿನ ದಕ್ಷಿಣಕ್ಕಿರೋ ತುರಹಳ್ಳಿ ಕಾಡಲ್ಲಿ ಅರಣ್ಯ ಇಲಾಖೆಯವರು ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಕಾಡು ಕಾಡಾಗೇ ಇರ್ಲಿ ಅಂತ ಸುತ್ತಮುತ್ತಲ ಜನ ಬೀದಿಗೆ ಬಂದ್ರು. ಹಂಗೆ ಕೇಳೋ ಹಕ್ಕು ನಮಗೆ ಇರಬೇಕಂದ್ರೆ ನಾವೂ ಸರಿಯಾಗಿರಬೇಕು. ಗೇಟಲ್ಲಿರೋ ಬೋರ್ಡ್ ಓದಿ, ಗಾರ್ಡ್ ಬೇಡ ಅಂದ್ರೆ ವಾಪಸ್ ಬನ್ನಿ, ಬೇಲಿ ಹಾರಬೇಡಿ. ವಾಕಿಂಗ್ ಬರೋ ಹಿರಿಯರು, ಮೇಯಿಸೋಕೆ ಬರೋರು ಎದುರಾದ್ರೆ ಪೂರ್ತಿ ನಿಧಾನ ಮಾಡಿ ದಾರಿ ಬಿಡಿ. ಸ್ಪೀಕರಲ್ಲಿ ಹಾಡು ಬೇಡವೇ ಬೇಡ. ಕತ್ತಲಾಗೋ ಹೊತ್ತಲ್ಲಿ ಒಬ್ಬೊಬ್ಬರೇ ಒಳಗಿರಬೇಡಿ, ತುರಹಳ್ಳಿ ಕಡೆ ಚಿರತೆ ಕಾಣಿಸಿದ್ದು ಪೇಪರಲ್ಲೇ ಬಂದಿತ್ತು.

ಯಲಹಂಕ_ಪೆಡಲ್:
ಇಷ್ಟೊಂದು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಮಳೆ ಬಂದ್ರೆ ಮುಂದಿನ ವಾರಕ್ಕೆ ಹಾಕೋಣ ಅಂತ ಗ್ರೂಪಲ್ಲಿ ಹೇಳಿದೆ, ಎಲ್ಲರೂ ಒಪ್ಕೊಂಡ್ರು. ಕೊನೇಲಿ ಬರೋಕೆ ನಮ್ಮ ಪಕ್ಕದ ಮನೆ ಅಣ್ಣ ಒಪ್ಪಿದಾರೆ. ಗಾಳಿ 30ಕ್ಕೆ ಇಳಿಸಿದೀನಿ. ಗೇರ್ ಹ್ಯಾಂಗರ್ ಅಂದ್ರೆ ಯಾವುದು, ಎಲ್ಲಾ ಸೈಕಲ್ಲಿಗೂ ಒಂದೇನಾ?

ಚೈನ್_ಲಿಂಕ್:
ಹಿಂದಿನ ಗೇರ್ ಫ್ರೇಮಿಗೆ ಕೂತಿರೋ ಕಡೆ ಒಂದು ಸಣ್ಣ ಅಲ್ಯೂಮಿನಿಯಂ ತುಂಡು ಇರುತ್ತಲ್ಲ ಅದೇ. ಸೈಕಲ್ ಬಿದ್ದಾಗ ಫ್ರೇಮ್ ಉಳೀಲಿ ಅಂತ ಅದು ಬಗ್ಗುತ್ತೆ, ಇಲ್ಲಾ ಮುರಿಯುತ್ತೆ. ಒಂದೊಂದು ಮಾಡೆಲ್ಲಿಗೂ ಒಂದೊಂದು ಆಕಾರ, ಫೋಟೋ ನೋಡಿ ತಗೋಬೇಡಿ, ಸೈಕಲ್ಲನ್ನೇ ಅಂಗಡಿಗೆ ತಗೊಂಡ್ ಹೋಗಿ ಪಕ್ಕದಲ್ಲಿಟ್ಟು ಸ್ಕ್ರೂ ತೂತು ಹೊಂದುತ್ತಾ ನೋಡಿ ತಗೊಳ್ಳಿ.