ನಿವೃತ್ತಿಯ ನಂತರವೂ ಖರ್ಚು ಮಾಡಲು ಕೈ ಬರುತ್ತಿಲ್ಲ: ಏನು ಮಾಡಬಹುದು?

ಪ್ರಶ್ನೆ: ನಿವೃತ್ತ ಅಧ್ಯಾಪಕ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಾನು ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದು, ಕೇರಳದ ನಿಯಮದಂತೆ 56ಕ್ಕೆ ನಿವೃತ್ತನಾದೆ. ಈಗ 64. ಪಿಂಚಣಿ ಟ್ರೆಷರಿಯಿಂದ ಬರುತ್ತದೆ, ಇರುವ ಸ್ವಲ್ಪ ಅಡಿಕೆ ತೋಟದಲ್ಲಿ ಮನೆಯ ಸಾಮಾನಿನ ಖರ್ಚು ಹೊರಡುತ್ತದೆ, ಸಾಲವಿಲ್ಲ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ನೆಲೆಯೂರಿದ್ದಾರೆ. ಪಿಂಚಣಿಯ ಅರ್ಧಕ್ಕಿಂತ ಹೆಚ್ಚು ಪ್ರತಿ ತಿಂಗಳೂ ಹಾಗೆಯೇ ಉಳಿಯುತ್ತದೆ. ಠೇವಣಿಯ ಬಡ್ಡಿಯನ್ನಂತೂ ಇದುವರೆಗೆ ಮುಟ್ಟಿಲ್ಲ. ಅದು ಅಸಲಿಗೆ ಸೇರುತ್ತಲೇ ಇದೆ.

ಇಷ್ಟಿದ್ದೂ ನನ್ನಿಂದ ಖರ್ಚು ಮಾಡಲು ಆಗುತ್ತಿಲ್ಲ. ದೊಡ್ಡ ಮಗ ಕಳೆದ ಬೇಸಗೆಯಲ್ಲಿ ಏಸಿ ಹಾಕಿಸಿಕೊಟ್ಟಿದ್ದಾನೆ, ಅದರ ರಿಮೋಟು ಮಾತ್ರ ಕಪಾಟಿನೊಳಗೆ ಭದ್ರವಾಗಿದೆ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ದಿನವೂ ಕರೆಂಟು ಮೀಟರಿನ ಅಂಕೆ ಬರೆದಿಡುವುದು ನನ್ನ ಅಭ್ಯಾಸ. ಎರಡು ತಿಂಗಳ ಬಳಕೆ 500 ಯೂನಿಟ್ ದಾಟಿತೆಂದರೆ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ದರ ಬೀಳುತ್ತದೆಂಬುದು ನನಗೆ ಬಾಯಿಪಾಠವಾಗಿರುವುದರಿಂದ, ಏಪ್ರಿಲ್ ತಿಂಗಳ ಸೆಕೆಯಲ್ಲೂ ಫ್ಯಾನಿನ ಕೆಳಗೆ ಬೆವರುತ್ತಾ ಮಲಗುವುದೇ ನೆಮ್ಮದಿಯೆನ್ನಿಸುತ್ತದೆ. ಮಂಗಳೂರಿಗೆ ಕಣ್ಣು ತೋರಿಸಲು ಬಾಡಿಗೆ ಕಾರಿನಲ್ಲಿ ಹೋದರೆ ತಲಪಾಡಿ ದಾಟುವವರೆಗೂ ಬಾಡಿಗೆಯ ಲೆಕ್ಕವೇ ತಲೆಯಲ್ಲಿ ಓಡುತ್ತದೆ. ಮನೆಯವಳಿಗೆ ಕಾಶಿಗೆ ಹೋಗುವ ಆಸೆಯಿದೆ. 2020ರ ಮಾರ್ಚ್‌ನಲ್ಲಿ ರೈಲಿನ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗ, ಅದು ಮತ್ತೆ ಆರಂಭವಾದ ಮೇಲೆ ಹೋಗೋಣ ಎಂದವನು ಇಂದಿಗೂ ಅದನ್ನೇ ಹೇಳುತ್ತಿದ್ದೇನೆ.

ತಮ್ಮಂದಿರ ಓದು, ತಂಗಿಯ ಮದುವೆ, ತೋಟದ ಮೇಲಿನ ಸಾಲ ಎಲ್ಲವೂ ಒಂದೇ ಸಂಬಳದಲ್ಲಿ ನಡೆಯಬೇಕಾಗಿದ್ದ ಕಾಲದಲ್ಲಿ ಕೈ ಬಿಗಿ ಹಿಡಿಯದೆ ಬೇರೆ ದಾರಿ ಇರಲಿಲ್ಲ. ಈಗ ಆ ಭಾರವೆಲ್ಲ ಇಳಿದಿದ್ದರೂ ಕೈ ಸಡಿಲವಾಗುತ್ತಿಲ್ಲ. ಮುಂದೊಂದು ದಿನ ದೊಡ್ಡ ಕಾಯಿಲೆ ಬಂದರೆ ಏನು ಗತಿ ಎಂಬ ಹೆದರಿಕೆಯೂ ಒಳಗೆ ಇದೆ. ಇದೇ ಸ್ಥಿತಿಯನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ತಿಳಿಸಿ. “ಹಣ ಹೊತ್ತುಕೊಂಡು ಹೋಗುತ್ತೀರಾ?” ಎಂಬ ಮಾತನ್ನು ಮಕ್ಕಳಿಂದ ಸಾಕಷ್ಟು ಕೇಳಿದ್ದೇನೆ; ಅದರಿಂದ ಪ್ರಯೋಜನವಾಗಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಮಂಜೇಶ್ವರ

ಮಾಸ್ಟ್ರೇ, ನಿಮ್ಮಂಥ ಗ್ರಾಹಕರನ್ನು ಕೌಂಟರಿನ ಈಚೆಯಿಂದ ಬಹಳ ಕಾಲ ನೋಡಿದ್ದೇನೆ. ಠೇವಣಿಯ ಅವಧಿ ಮುಗಿದ ದಿನ ಬಂದು, ಬಡ್ಡಿಯ ಮೊತ್ತವನ್ನು ಒಮ್ಮೆ ಓದಿಸಿ ಕೇಳಿ, “ಹಾಗೆಯೇ ಮುಂದುವರಿಸಿ” ಎಂದು ಹೇಳಿ ಹೋಗುವವರು. ಅವರಲ್ಲಿ ಹೆಚ್ಚಿನವರಿಗೆ ತಮ್ಮ ಹಣದಲ್ಲಿ ಎಷ್ಟು ಭಾಗ ಕಾಯಿಲೆಗೆ, ಎಷ್ಟು ಹೆಂಡತಿಯ ಮುಂದಿನ ಜೀವನಕ್ಕೆ, ಎಷ್ಟು ನಿಜವಾಗಿ ಹೆಚ್ಚುವರಿ ಎಂಬ ವಿಂಗಡಣೆಯೇ ಇರುತ್ತಿರಲಿಲ್ಲ. ಎಲ್ಲವೂ ಒಂದೇ ಗಂಟಿನಲ್ಲಿದ್ದರೆ ಅದರಿಂದ ಹತ್ತು ರೂಪಾಯಿ ತೆಗೆದರೂ ಆಸ್ಪತ್ರೆಯ ಹಣವನ್ನೇ ತೆಗೆದಂತೆ ಅನ್ನಿಸುವುದು ಸಹಜ. ಮನಸ್ಸನ್ನು ತಿದ್ದುವುದಕ್ಕಿಂತ ಮೊದಲು ಗಂಟನ್ನು ಬಿಚ್ಚಿ ಬೇರೆ ಬೇರೆ ಮಾಡಿ.

ಕಾಯಿಲೆಯ ಹೆದರಿಕೆಯಿಂದಲೇ ಆರಂಭಿಸಿ. ಕೇರಳದ ಸರಕಾರಿ ನೌಕರರಿಗೂ ಪಿಂಚಣಿದಾರರಿಗೂ 2022ರ ಜುಲೈಯಲ್ಲಿ ವರ್ಷಕ್ಕೆ ಮೂರು ಲಕ್ಷ ರೂಪಾಯಿಯ ರಕ್ಷಣೆಯೊಂದಿಗೆ ಮೆಡಿಸೆಪ್ ಎಂಬ ಆರೋಗ್ಯ ವಿಮೆ ಆರಂಭವಾಯಿತು; ಪತ್ನಿಯೂ ಅದರೊಳಗೆ ಬರುತ್ತಾರೆ. ನಮ್ಮ ಭಾಗದವರು ದೊಡ್ಡ ಚಿಕಿತ್ಸೆಗೆ ಮಂಗಳೂರಿಗೇ ಓಡುವುದರಿಂದ, ಅಲ್ಲಿಯ ಯಾವ ಆಸ್ಪತ್ರೆ ಯಾವ ಚಿಕಿತ್ಸೆಗೆ ಅದರ ಪಟ್ಟಿಯಲ್ಲಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಅದರ ಮೇಲೆ ಒಂದು ದೊಡ್ಡ ಮೊತ್ತವನ್ನು, ನಿಮಗೆ ರಾತ್ರಿ ನಿದ್ದೆ ಬರುವಷ್ಟು ದೊಡ್ಡದನ್ನು, ಆಸ್ಪತ್ರೆಗೆಂದೇ ಪ್ರತ್ಯೇಕ ಠೇವಣಿಯಾಗಿ ಇಟ್ಟುಬಿಡಿ. ನಿಮ್ಮ ನಂತರ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ವೇತನದ ಶೇ 30. ಅದು ಅವರಿಗೆ ಸಾಲದೆಂದು ಕಂಡರೆ ಆ ಕೊರತೆಗೂ ಇನ್ನೊಂದು ಠೇವಣಿ ಇರಲಿ.

ಉಳಿದದ್ದರಲ್ಲಿ ಒಂದು ಭಾಗವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹಾಕಿ. 2023ರಿಂದ ಅದರ ಮಿತಿ 30 ಲಕ್ಷ. ಅದರ ದೊಡ್ಡ ಗುಣವೆಂದರೆ ಬಡ್ಡಿ ಅಸಲಿಗೆ ಸೇರುವುದಿಲ್ಲ, ಮೂರು ತಿಂಗಳಿಗೊಮ್ಮೆ ಕೈಗೇ ಬರುತ್ತದೆ. ಶೇ 8.2ರ ದರದಲ್ಲಿ 15 ಲಕ್ಷಕ್ಕೆ ತ್ರೈಮಾಸಿಕ ಬಡ್ಡಿ 30,750 ರೂಪಾಯಿ. ಆದಾಯ ತೆರಿಗೆಯ ಲೆಕ್ಕಕ್ಕೆ ಅದು ಬರುತ್ತದೆಂಬುದು ನೆನಪಿರಲಿ. ಈ ಬಡ್ಡಿ ಬೇರೆಯೇ ಒಂದು ಉಳಿತಾಯ ಖಾತೆಗೆ ಬೀಳಲಿ, ಮತ್ತು ಮುಂದಿನ ಕಂತು ಬರುವುದರೊಳಗೆ ಆ ಖಾತೆ ಬರಿದಾಗಿರಬೇಕೆಂಬ ನಿಯಮವನ್ನು ನೀವೇ ಹಾಕಿಕೊಳ್ಳಿ. ಜೀವಮಾನವಿಡೀ ನಿಯಮದಲ್ಲಿ ನಡೆದವರಿಗೆ ಸ್ವಾತಂತ್ರ್ಯಕ್ಕಿಂತ ಇನ್ನೊಂದು ನಿಯಮವೇ ಸುಲಭ.

ಸಂದರ್ಭ ಬಂದದ್ದರಿಂದ ಹೇಳುತ್ತೇನೆ: ಬ್ಯಾಂಕ್ ಠೇವಣಿಗೆ ಇರುವ ಐದು ಲಕ್ಷದ ವಿಮೆ ಊರಿನ ಸಹಕಾರಿ ಸೇವಾ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ, ಅವುಗಳಿಗೆ ಕೇರಳದಲ್ಲಿ ಬೇರೆಯೇ ಖಾತರಿ ನಿಧಿಯಿದೆ. ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದರೆ ಹಂಚಿಬಿಡಿ. ಖರ್ಚಿನ ಬಗ್ಗೆ ಇಷ್ಟು ಹೆದರುವವರು ಇದರ ಬಗ್ಗೆ ಹೆದರದಿರುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಂಡಿದೆ.

ಉತ್ತರ: ನಿವೃತ್ತ ಅಧ್ಯಾಪಿಕೆ, ನೀರ್ಚಾಲು

ಮೇಲಿನ ಲೆಕ್ಕಾಚಾರ ಸರಿಯಾಗಿದೆ. ಆದರೆ ಮಾಸ್ಟ್ರು ಬರೆದದ್ದರಲ್ಲಿ ಅವರ ಮನೆಯವರು ಕಾಶಿಯ ಒಂದು ವಾಕ್ಯದಲ್ಲಿ ಮಾತ್ರ ಕಾಣಿಸಿಕೊಂಡಿದ್ದಾರೆ. ನೀವು ಉಳಿಸಿದ ಹಣದಲ್ಲಿ ಅವರ ಉಳಿತಾಯವೂ ಸೇರಿದೆಯಲ್ಲವೇ? ಏಸಿ ಹಾಕದೆ ಇದ್ದಾಗ ಆ ಸೆಕೆಯಲ್ಲಿ ಮಲಗಿದವರು ಇಬ್ಬರು.

“ನಿನಗೇನು ಬೇಕು” ಎಂದು ಅವರನ್ನು ಕೇಳಲು ಹೋಗಬೇಡಿ, “ನನಗೇನೂ ಬೇಡ” ಎಂಬ ಉತ್ತರವೇ ಬರುತ್ತದೆ. ಬದಲಾಗಿ ಒಂದು ದಿನ ಬೆಳಗ್ಗಿನಿಂದ ಅವರು ಮಾಡುವ ಕೆಲಸಗಳನ್ನು ಸುಮ್ಮನೆ ಗಮನಿಸಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅರವತ್ತು ದಾಟಿದ ಹೆಂಗಸರು ಈಗಲೂ ಬೆಳಕು ಹರಿಯುವ ಮೊದಲೇ ಬಚ್ಚಲಿನ ಹಂಡೆಯ ಒಲೆಗೆ ಅಡಿಕೆ ಸಿಪ್ಪೆಯನ್ನೂ ಒದ್ದೆ ಮಡಲನ್ನೂ ತುರುಕಿ, ಊದಿ ಊದಿ, ಹೊಗೆ ಕುಡಿದು ಕೆಮ್ಮುತ್ತಾರೆ. ಮಳೆಗಾಲದಲ್ಲಿ ಅದು ಹೊತ್ತಿಕೊಳ್ಳುವುದೇ ಇಲ್ಲ. ಗ್ರೈಂಡರಿನ ಗುಂಡುಕಲ್ಲನ್ನು ಎತ್ತಿ ತೊಳೆಯುವಾಗ ಸೊಂಟ ಹಿಡಿದುಕೊಳ್ಳುವವರನ್ನು ನಾನೇ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಬಿಸಿನೀರಿನ ವ್ಯವಸ್ಥೆ, ಎತ್ತಬೇಕಾಗಿಲ್ಲದ ಗ್ರೈಂಡರು, ಅಂಗಳ ಗುಡಿಸಲು ವಾರಕ್ಕೆರಡು ದಿನ ಬರುವ ಒಬ್ಬರು ಹೆಂಗಸು: ನಿಮ್ಮ ಮೊದಲ ಖರ್ಚು ಇಲ್ಲಿಂದ ಆರಂಭವಾಗಲಿ. ಇದನ್ನು ಶೋಕಿಯೆಂದು ಯಾರೂ ಹೇಳಲಾರರು, ನಿಮ್ಮ ಮನಸ್ಸೂ ಹೇಳಲಾರದು.

ಇನ್ನೊಂದು ವಿಷಯ. ನನಗೆ ನನ್ನದೇ ಪಿಂಚಣಿ ಇರುವುದರಿಂದ ಸೀರೆ ತೆಗೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮನೆಯಲ್ಲೇ ದುಡಿದವರಿಗೆ ಆ ಸೌಕರ್ಯವಿಲ್ಲ. ತಿಂಗಳಿಗೆ ಇಂತಿಷ್ಟೆಂದು ಅವರ ಖಾತೆಗೆ ಹಾಕಿ, ಅದರ ಲೆಕ್ಕ ಕೇಳಬೇಡಿ. ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಪುಟವೂ ಬೇಡ.

ಕಾಶಿಯ ವಿಷಯದಲ್ಲಿ ತಡಮಾಡಬೇಡಿ. ರೈಲಿನಲ್ಲಿ 60 ವರ್ಷ ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಮುಂಗಡ ಟಿಕೇಟು ಈಗ ಪ್ರಯಾಣಕ್ಕೆ 60 ದಿನ ಮೊದಲಷ್ಟೇ ತೆರೆಯುವುದರಿಂದ, ಮಳೆ ಮುಗಿದ ನಂತರದ ಒಂದು ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನೀವು ಕಾಯುತ್ತಿರುವ ರಿಯಾಯಿತಿ ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50 ಇತ್ತು. ಅದರಲ್ಲಿ ಉಳಿಯುತ್ತಿದ್ದ ಹಣವನ್ನು ಒಂದು ಸಲ ಕೂಡಿಸಿ ನೋಡಿ, ಇಷ್ಟು ವರ್ಷ ಕಾದದ್ದು ಎಷ್ಟು ರೂಪಾಯಿಗಾಗಿ ಎಂಬುದು ನಿಮಗೇ ತಿಳಿಯುತ್ತದೆ.

ಉತ್ತರ: ಕೃಷಿಕ, ಪೆರ್ಲ

ಪಿಂಚಣಿಯಿಲ್ಲದವನ ಅಭಿಪ್ರಾಯವೂ ಇರಲಿ. ಖರ್ಚು ಮಾಡಿ ಸಂತೋಷಪಡಲೇಬೇಕೆಂಬ ಕಡ್ಡಾಯ ಎಲ್ಲಿಂದ ಬಂತು? ಮಳೆಗಾಲದಲ್ಲಿ ಕೊಳೆರೋಗ ಬಂದರೆ ಬೆಳೆ ಹೋಯಿತು, ಬೆಳೆ ಉಳಿದರೆ ಧಾರಣೆ ಹೋಯಿತು ಎಂಬ ಬದುಕಿನಲ್ಲಿ ಬೆಳೆದವರಿಗೆ ಮಿತವಾಗಿ ಬದುಕುವುದರಲ್ಲೇ ಒಂದು ಹಿತವಿದೆ, ಅದನ್ನು ರೋಗವೆಂದು ತಿಳಿದು ಮದ್ದು ಮಾಡಬೇಕಾಗಿಲ್ಲ. ಬಸ್ಸಿನಲ್ಲಿ ಹೋಗುವುದು ನಿಮಗೆ ಖುಷಿಯಾದರೆ ಬಸ್ಸಿನಲ್ಲೇ ಹೋಗಿ. ಆದರೆ ನೀವು ಬರೆದ ರೀತಿ ನೋಡಿದರೆ ಖುಷಿಯಿಂದ ಉಳಿಸುತ್ತಿರುವಂತೆ ಕಾಣುವುದಿಲ್ಲ. ಹಾಸಿಗೆ ಉದ್ದವಾದ ಮೇಲೂ ಕಾಲು ಮಡಚಿಕೊಂಡೇ ಮಲಗಿದಂತಾಗಿದೆ.

ಏಸಿಯ ಸಮಸ್ಯೆಗೆ ನನ್ನ ಬಳಿ ನೇರವಾದ ಉತ್ತರವಿದೆ: ಮಾಡಿಗೆ ಸೋಲಾರ್ ಹಾಕಿಸಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಒಮ್ಮೆಗೇ ಹಣ ಕೊಟ್ಟು ಮುಗಿಸಿದರೆ ಆಮೇಲೆ ಸ್ವಿಚ್ ಹಾಕಿದಾಗಲೆಲ್ಲ ಹೊಟ್ಟೆ ಚುರ್ ಎನ್ನುವುದಿಲ್ಲ. ನಮ್ಮಂಥ ಲೆಕ್ಕದವರಿಗೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಹೋಗುವ ಹಣವೇ ಹೆಚ್ಚು ನೋವು ಕೊಡುವುದು. ತೆಂಗಿನ ಮರದ ನೆರಳು ಬೀಳದ ಮೂಲೆ ನೋಡಿ ಇಡಿಸಿ, ಆಟಿ ತಿಂಗಳಿನ ಮಳೆಮೋಡದಲ್ಲಿ ಹೆಚ್ಚೇನೂ ನಿರೀಕ್ಷಿಸಬೇಡಿ.

ತೋಟದಲ್ಲೂ ಖರ್ಚು ಮಾಡಬಹುದು. ಕಾರ್ಬನ್ ಫೈಬರಿನ ಉದ್ದ ಕೋಲು, ಅಂದರೆ ದೋಟಿ, ತಂದರೆ ಮದ್ದು ಬಿಡುವುದಕ್ಕೂ ಅಡಿಕೆ ಗೊನೆ ಕೊಯ್ಯುವುದಕ್ಕೂ ಯಾರೂ ಮರ ಏರಬೇಕಾಗಿಲ್ಲ. ಬೆಲೆ ಕೇಳಿದಾಗ ನನಗೂ ಎದೆ ಧಸಕ್ಕೆಂದಿತ್ತು, ಆದರೆ ಒಬ್ಬರು ಮರದಿಂದ ಬಿದ್ದರೆ ಆಗುವ ಅನಾಹುತಕ್ಕೆ ಬೆಲೆ ಕಟ್ಟುವವರು ಯಾರು?

ನಾನು ಮನಸ್ಸು ತುಂಬಿ ಖರ್ಚು ಮಾಡಿದ್ದು ಮನೆಯಲ್ಲಿ ನಡೆಸಿದ ತಾಳಮದ್ದಳೆಗೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನಕ್ಕೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವರಿಗೆ ಆ ರುಚಿಯನ್ನು ಹೇಳಿಕೊಡಬೇಕಾಗಿಲ್ಲ. ಬಯಲಾಟ ಆಡಿಸುವಷ್ಟು ದೊಡ್ಡ ಖರ್ಚಲ್ಲ: ಭಾಗವತರಿಗೆ, ಚೆಂಡೆ-ಮದ್ದಳೆಯವರಿಗೆ, ನಾಲ್ಕೈದು ಅರ್ಥಧಾರಿಗಳಿಗೆ ಗೌರವಧನ, ನೆರೆಕರೆಯವರಿಗೆಲ್ಲ ಊಟ. ಚಾವಡಿ ತುಂಬಿ ಜಗಲಿಯಲ್ಲೂ ಜನ ಕುಳಿತಿದ್ದರು. ವಾಲಿ ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುವಾಗ, ಯಾರ ಕಾರ್ಯಕ್ರಮಕ್ಕೂ ಬಾರದ ನಮ್ಮ ನೆರೆಮನೆಯ ಅಜ್ಜ ಊಟದ ಎಲೆ ಹಾಕಿದ್ದು ಗೊತ್ತಾದರೂ ಏಳಲಿಲ್ಲ. ಕೊಟ್ಟ ಹಣದ ಬಗ್ಗೆ ಆ ದಿನ ನನಗೆ ಒಂದು ಸಲವೂ ಯೋಚನೆ ಬರಲಿಲ್ಲ. ಮಾಸ್ಟ್ರ ಹಳೆಯ ಶಿಷ್ಯರಲ್ಲಿ ಅರ್ಥ ಹೇಳುವವರು ಇದ್ದೇ ಇರುತ್ತಾರೆ, ವಿಚಾರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟೀಚರು ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. “ಹಂಡೆಯ ವಿಷಯ ಅವರಿಗೆ ಯಾರು ಹೇಳಿದರು?” ಎಂದು ಕೇಳಿದಳು. ಬಿಸಿನೀರಿನ ವ್ಯವಸ್ಥೆಯನ್ನು ಮೊದಲು ಮಾಡಿಸುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ತಾಳಮದ್ದಳೆಯ ಸಲಹೆ ನನಗೆ ತುಂಬ ಹಿಡಿಸಿತು, ಅದಕ್ಕೆ ಹಣ ಕೊಡಲು ಕೈ ಹಿಂಜರಿಯಲಾರದೆಂದು ತೋರುತ್ತದೆ. ಅಂಚೆ ಕಚೇರಿಯ ಖಾತೆಯ ಬಗ್ಗೆ ಒಂದು ಸಂಶಯ ಉಳಿದಿದೆ: ಅದನ್ನು ನನ್ನೊಬ್ಬನ ಹೆಸರಿನಲ್ಲಿ ತೆರೆಯಬೇಕೋ, ಇಬ್ಬರ ಹೆಸರಿನಲ್ಲೋ? ಅವಳಿಗೆ ಇನ್ನೂ 59.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಮಂಜೇಶ್ವರ

ಇಬ್ಬರ ಹೆಸರಿನಲ್ಲೇ ತೆರೆಯಿರಿ. ಮೊದಲ ಹೆಸರಿನವರಿಗೆ 60 ಆಗಿದ್ದರೆ ಸಾಕು, ಜೊತೆಗಿರುವ ಪತ್ನಿಗೆ ವಯಸ್ಸಿನ ನಿರ್ಬಂಧವಿಲ್ಲ. ಠೇವಣಿಯ ಲೆಕ್ಕವೆಲ್ಲ ಮೊದಲ ಹೆಸರಿಗೇ ಸೇರುತ್ತದೆ. ಅವರಿಗೆ 60 ತುಂಬಿದ ಮೇಲೆ ಬೇಕಿದ್ದರೆ ಅವರದೇ ಪ್ರತ್ಯೇಕ ಖಾತೆಯನ್ನೂ ತೆರೆಯಬಹುದು. ಬಡ್ಡಿ ಬೀಳುವ ಉಳಿತಾಯ ಖಾತೆಯೂ ಜಂಟಿಯಾಗಿರಲಿ, ಎಟಿಎಂ ಕಾರ್ಡನ್ನು ಅವರ ಹೆಸರಿನಲ್ಲೂ ಒಂದು ತೆಗೆಸಿ. ಇಬ್ಬರ ಆಧಾರ್, ಪಾನ್ ಮತ್ತು ಫೋಟೊ ಹಿಡಿದುಕೊಂಡು ಒಟ್ಟಿಗೇ ಹೋಗಿ; ಇಬ್ಬರ ಸಹಿಯೂ ಬೇಕಾಗುತ್ತದೆ.