ಅಪ್‌ಡೇಟ್: ಬಿದರಿ ಅಂಗಡಿಯ ವೆಬ್‌ಸೈಟ್ ತಯಾರಾಯಿತು

ಕೋಡಿಂಗ್ ಬರದೆ ಬೀದರ್‌ನ ನಮ್ಮ ಬಿದರಿ ಅಂಗಡಿಗೆ ವೆಬ್‌ಸೈಟ್ ಮಾಡಬಹುದಾ ಎಂದು ಕೇಳಿದ್ದೆ. ಕೋಡಿಂಗ್ ಇಲ್ಲದೆ ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಹಿಡಿಯಿರಿ, ಮೊದಲು ನಿಮ್ಮ ಕಂಪ್ಯೂಟರ್‌ನಲ್ಲೇ ಕಲಿಯಿರಿ ಎಂದಿದ್ದಿರಿ. ಹಾಗೇ ಮಾಡಿದೆ. ಸೈಟ್ ಈಗ ಶುರುವಾಗಿದೆ!

ನಮ್ಮ ಕಂಪ್ಯೂಟರನ್ನೇ ಸರ್ವರ್‌ನಂತೆ ಮಾಡುವ ಎಕ್ಸಾಂಪ್ ತಂತ್ರಾಂಶ ಹಾಕಿಕೊಂಡಿದ್ದು ತುಂಬಾ ಉಪಯೋಗವಾಯಿತು. ವರ್ಡ್‌ಪ್ರೆಸ್‌ಗೆ ಬೇಕಾದ ಪಿಎಚ್‌ಪಿ ಭಾಷೆ, ಮಾಹಿತಿ ಇಡುವ ಡೇಟಾಬೇಸ್ ಎರಡೂ ಅದರಲ್ಲೇ ಬರುತ್ತವೆ. ಹೋಸ್ಟಿಂಗ್‌ಗೆ (ಸೈಟನ್ನು ಇಂಟರ್ನೆಟ್‌ನಲ್ಲಿ ಇಡುವ ಜಾಗಕ್ಕೆ) ದುಡ್ಡು ಕೊಡುವ ಮೊದಲೇ ಎಷ್ಟು ಬೇಕಾದರೂ ಕೆಡವಿ ಕಟ್ಟಬಹುದು, ಅಲ್ವಾ?

ಹೊಸ ಸುದ್ದಿಗೆ ಪೋಸ್ಟ್ ಬೇರೆ, ಸದಾ ಇರುವ ವಿವರಕ್ಕೆ ಪೇಜ್ ಬೇರೆ ಎಂದು ತಿಳಿದ ಮೇಲೆ ಕೆಲಸ ಸಲೀಸಾಯಿತು. ಹೊಸದಾಗಿ ಬಂದ ಹೂಜಿ, ಹೂದಾನಿಗಳು ಪೋಸ್ಟ್‌ನಲ್ಲಿ. ಅಂಗಡಿಯ ವಿಳಾಸ, ಬಿದರಿ ಮಾಡುವ ಬಗೆ ಪೇಜ್‌ನಲ್ಲಿ. ಸತು, ತಾಮ್ರದ ಎರಕ, ಅದರಲ್ಲಿ ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದು, ಎಲ್ಲಕ್ಕೂ ಫೋಟೊ ಇದೆ. ಅಪ್ಪನಿಗೆ ಆ ಪೇಜ್ ಅಂದರೆ ಬಹಳ ಖುಷಿ. ನನಗೂ.

ಸ್ಲಗ್ (ಪ್ರತಿ ಪುಟದ ಲಿಂಕ್‌ನ ಕೊನೆಯಲ್ಲಿ ಬರುವ ಹೆಸರು) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ. ಕನ್ನಡದ್ದಾದರೆ ಲಿಂಕ್ ಕಾಪಿ ಮಾಡಿದಾಗ ಶೇಕಡಾ ಗುರುತು ತುಂಬಿಕೊಂಡು ಉದ್ದವಾಗುತ್ತದೆ. ಸುಮ್ನೆ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶ) ಜಾಸ್ತಿ ತುಂಬಲಿಲ್ಲ. ಬ್ಯಾಕಪ್‌ಗೆ ಒಂದು ಸಾಕು ಅನ್ನಿಸಿತು.

ಮುಂದೆ ಸೈಟ್‌ನಲ್ಲೇ ಮಾರಾಟಕ್ಕೆ ವೂಕಾಮರ್ಸ್ ಪ್ಲಗಿನ್ ಸೇರಿಸಬೇಕು. ದಾರಿ ತೋರಿಸಿದ ನಿಮಗೆಲ್ಲ ತುಂಬಾ ಧನ್ಯವಾದ.